ಮೊದಲು ಜಾಗ, ಆಮೇಲೆ ಮೀನು

ಬೂತಾಯಿ, ಬಂಗುಡೆ ತಿಂದು ಬೆಳೆದ ನಮಗೆ ಮೀನು ಹೊಸತಲ್ಲ. ಆದರೆ ದುಬೈ ಮಾಲ್‌ನ ದೊಡ್ಡ ಅಕ್ವೇರಿಯಂ ನೋಡಿ ಬಂದವರಿಗೆ ಊರಿನ ಮನೆಯ ಹಾಲ್‌ನಲ್ಲೂ ಅಂಥದ್ದೊಂದು ಇರಬೇಕು ಅಂತ ಆಸೆ. ನಮ್ಮ ತಮ್ಮನಿಗೂ ಹಾಗೇ ಆಯಿತು. ಎರಡು ತಿಂಗಳ ರಜೆಯಲ್ಲಿ ಬಂದವನು ನಾಲ್ಕಡಿಯ ಉಪ್ಪುನೀರಿನ ಅಕ್ವೇರಿಯಂ ತಂದು, ಬಾಗಿಲು ತೆಗೆದ ಕೂಡಲೇ ಕಾಣುವ ಹಾಗೆ ಪಶ್ಚಿಮದ ಕಿಟಕಿಯ ಎದುರು ಇಟ್ಟ. ಬಂದವರೆಲ್ಲ "ಮಾಶಾ ಅಲ್ಲಾಹ್, ಲಾಯ್ಕ್ ಉಂಟು" ಅಂದರು. ರಜೆ ಮುಗಿಯಿತು, ಅವನು ಹೋದ. ಅಕ್ವೇರಿಯಂ ನಮ್ಮ ಪಾಲಿಗೆ ಉಳಿಯಿತು.

ಕಷ್ಟ ಶುರುವಾದದ್ದು ಏಪ್ರಿಲ್‌ನಲ್ಲಿ. ಮಧ್ಯಾಹ್ನದ ಬಿಸಿಲು ನೇರ ಗಾಜಿಗೆ ಬಿದ್ದು ಒಳಗೆಲ್ಲ ಪಾಚಿ. ಸಮುದ್ರದ ಅಲಂಕಾರಿಕ ಮೀನುಗಳಿಗೆ ಸಾಮಾನ್ಯವಾಗಿ 24ರಿಂದ 27 ಡಿಗ್ರಿ ಹಿತ. ನಮ್ಮ ತೊಟ್ಟಿಯ ನೀರು 32 ದಾಟಿತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಎರಡು ಕ್ಲೌನ್ ಮೀನು ಸತ್ತವು. ಮಕ್ಕಳು ಅತ್ತದ್ದು ಬೇರೆ.

ಜಾಗ ಬದಲಿಸುವ ಅಂತ ಹೊರಟಾಗಲೇ ಅದರ ಭಾರ ಗೊತ್ತಾದದ್ದು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ ತುಂಬಿದರೆ ಸುಮಾರು 255 ಲೀಟರ್ ನೀರು. ಉಪ್ಪುನೀರು ಲೀಟರಿಗೆ ಒಂದು ಕಿಲೋಗಿಂತ ತುಸು ಹೆಚ್ಚೇ ತೂಗುತ್ತದೆ. ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಸೇರಿದರೆ 350ರಿಂದ 400 ಕಿಲೋ ಹತ್ತಿರ. ಐದು ಮಂದಿ ದಪ್ಪ ಗಂಡಸರು ಮನೆಯ ಒಂದು ಮೂಲೆಯಲ್ಲಿ ವರ್ಷವಿಡೀ ನಿಂತ ಹಾಗೆ! ನೀರು ತುಂಬಿದ್ದನ್ನು ಎಳೆಯುವ ಹಾಗಿಲ್ಲ, ಗಾಜಿನ ಜೋಡಣೆ ಬಿಟ್ಟೀತು. ಹಳೆಯ ಹೆಂಚಿನ ಮನೆಯ ಮರದ ಮಾಳಿಗೆಯಾದರೆ ಈ ಆಸೆಯನ್ನೇ ಬಿಡುವುದು ಒಳ್ಳೆಯದು. ಫ್ಲ್ಯಾಟ್‌ನಲ್ಲಾದರೆ ಸ್ಲ್ಯಾಬ್‌ನ ನಡುವೆ ಬೇಡ; ಕೆಳಗೆ ಬೀಮ್ ಇರುವ ಗೋಡೆಯ ಪಕ್ಕ ಇಡಬೇಕು, ಮೊದಲು ಎಂಜಿನಿಯರ್ ಒಬ್ಬರನ್ನು ಕೇಳಬೇಕು. ನೆಲ ಸಮ ಉಂಟಾ ಅಂತ ಮಟ್ಟ ಇಟ್ಟು ನೋಡಬೇಕು. ಗೋಡೆಗೆ ತೀರಾ ಒತ್ತಿಯೂ ಇಡಬಾರದು, ಹಿಂದೆ ಪೈಪು, ವಯರು ಹೋಗಲಿಕ್ಕೆ ಅರ್ಧ ಅಡಿಯಾದರೂ ಬೇಕು.

ಇದೆಲ್ಲ ಅಂಗಡಿಯವರೂ ಹೇಳಬಹುದು. ಅವರು ಹೇಳದೇ ಇರುವುದು ಬಕೆಟ್‌ನ ವಿಷಯ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ದಿನಾ ಶುದ್ಧ ಸಿಹಿನೀರು ಸೇರಿಸುತ್ತಿರಬೇಕು. ಅದರ ಮೇಲೆ ಒಂದೆರಡು ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ತೆಗೆದು ಹೊಸ ಉಪ್ಪುನೀರು ತುಂಬಬೇಕು. ಅಂದರೆ 25 ಲೀಟರ್ ಹೊರಗೆ, 25 ಲೀಟರ್ ಒಳಗೆ. ಬಚ್ಚಲು ಆ ಕಡೆ, ತೊಟ್ಟಿ ಈ ಕಡೆ ಇದ್ದರೆ ಅಷ್ಟನ್ನೂ ಹೊರುವವರು ಯಾರು? ನಮ್ಮ ಮನೆಯಲ್ಲಿ ಉಮ್ಮ. ಗಂಟುನೋವಿನ ಕಾಲಲ್ಲಿ ಹಾಲ್ ದಾಟಿ ಬಕೆಟ್ ಹೊತ್ತರು, ನಾವು ಆಫೀಸಿನಲ್ಲಿದ್ದೆವು.

ಪಣಂಬೂರಿನಿಂದಲೋ ಉಳ್ಳಾಲದಿಂದಲೋ ಕ್ಯಾನ್‌ನಲ್ಲಿ ಸಮುದ್ರದ ನೀರು ತಂದರಾಯಿತು ಅನ್ನುವವರಿದ್ದಾರೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಹೊಳೆಯ ಕೆಂಪುನೀರು ಸೇರಿ ದಡದ ಉಪ್ಪೇ ಇಳಿದಿರುತ್ತದೆ. ಆ ನೀರು ಆಗ್ಲಿಕ್ಕಿಲ್ಲ.

ಇನ್ನು ಕರೆಂಟು. ಉಪ್ಪುನೀರು ಹನಿಯಾಗಿ ಸಿಡಿದು ಒಣಗಿ ಸುತ್ತಲೂ ಬಿಳಿ ಪದರ ಕಟ್ಟುತ್ತದೆ. ಟಿವಿ, ಕಬ್ಬಿಣದ ಕಪಾಟು ಪಕ್ಕದಲ್ಲಿದ್ದರೆ ತುಕ್ಕು ಗ್ಯಾರಂಟಿ. ಪ್ಲಗ್ ಬೋರ್ಡ್ ತೊಟ್ಟಿಯ ನೇರ ಕೆಳಗಂತೂ ಇರಲೇಬಾರದು. ವಯರು ಪ್ಲಗ್‌ಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೆ ಹೋಗುವ ಹಾಗೆ ಬಿಡಬೇಕು, ಆಗ ಹನಿ ಅಲ್ಲೇ ನೆಲಕ್ಕೆ ಬೀಳುತ್ತದೆ. ಇಎಲ್‌ಸಿಬಿ ಇಲ್ಲದ ಮನೆಯಲ್ಲಿ ಮೊದಲು ಅದನ್ನು ಹಾಕಿಸಿ, ಮೀನು ಆಮೇಲೆ. ಮಳೆಗಾಲದಲ್ಲಿ ಕರೆಂಟು ಗಂಟೆಗಟ್ಟಲೆ ಹೋಗುವ ನಮ್ಮ ಕಡೆ ಇನ್ವರ್ಟರ್ ಲೈನ್ ಇರುವ ಗೋಡೆಯೇ ಬೇಕು. ಪಂಪ್ ನಿಂತರೆ ಮೀನಿಗೆ ಉಸಿರು ಕಟ್ಟುತ್ತದೆ.

ಕೊನೆಗೆ ಒಂದು ಆದಿತ್ಯವಾರ ನೀರೆಲ್ಲ ಇಳಿಸಿ, ಊಟದ ಕೋಣೆಯ ಒಳಗೋಡೆಗೆ ತಂದಿಟ್ಟೆವು. ಬಿಸಿಲಿಲ್ಲ, ಒಲೆಯ ಹೊಗೆ ಬರುವುದಿಲ್ಲ, ಕೈತೊಳೆಯುವ ಬೇಸಿನ್ ಎರಡು ಹೆಜ್ಜೆ. ನಮಾಝಿನ ಕೋಣೆಗೆ ಪಂಪಿನ ಸದ್ದೂ ಕೇಳುವುದಿಲ್ಲ. ಬಾಗಿಲಿನಿಂದ ಮಾತ್ರ ಕಾಣುವುದಿಲ್ಲ.

ವಿಡಿಯೋ ಕಾಲ್‌ನಲ್ಲಿ ತಮ್ಮನಿಗೆ ಬೇಜಾರು. "ಅಲ್ಲಿಟ್ಟರೆ ಬಂದವರಿಗೆ ಹೇಗೆ ಕಾಣುದು ಉಮ್ಮಾ?"

ಉಮ್ಮ ಅನ್ನ ಬಸಿಯುತ್ತಲೇ ಹೇಳಿದರು, "ನನಗೆ ಕಾಣ್ತದಲ್ಲ ಮೋನೆ."