ಊರಿನ ಬದನೆ, ದೂರದ ಬೇಳೆ

ಪ್ರಶ್ನೆ: ಕಾಶಿಯ ಬಂಗಾಲಿ ಟೋಲಾದಲ್ಲಿ ನೆಲೆಸಿರುವ ನಾವು ಸ್ಥಳೀಯ ತರಕಾರಿಯನ್ನೇ ಕೊಂಡರೆ ಪರಿಸರಕ್ಕೆ ಹಿತವೇ?

ಉತ್ತರ: ಹಿತವೇ ಸರಿ; ಆದರೆ ಕಾರಣವು ಕೇವಲ ದೂರದಲ್ಲಿಲ್ಲ. 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ, ಗಂಗೆಯ ಆಚೆದಡದ ರಾಮನಗರದ ಗುಂಡುಬದನೆಯು ಚಳಿಗಾಲದಲ್ಲಿ ಶೈತ್ಯಾಗಾರದ ಹಂಗಿಲ್ಲದೆ ನಿಮ್ಮ ಗಲ್ಲಿಯನ್ನು ಸೇರುವುದರಿಂದ, ಇಂಧನವೂ ವಿದ್ಯುತ್ತೂ ಉಳಿಯುವುದಲ್ಲದೆ ದಾರಿಯಲ್ಲಿ ಕೊಳೆತು ವ್ಯರ್ಥವಾಗುವುದೂ ತಗ್ಗುತ್ತದೆ. ಆದರೂ ಜಗತ್ತಿನ ಆಹಾರೋತ್ಪಾದನೆಯನ್ನು ಕುರಿತು ಪೂರ್ ಮತ್ತು ನೆಮೆಚೆಕ್ ಎಂಬ ವಿದ್ವಾಂಸರು 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆಹಾರದಿಂದುಂಟಾಗುವ ಹಸಿರುಮನೆ ಅನಿಲಗಳಲ್ಲಿ ಸಾಗಾಣಿಕೆಯ ಪಾಲು ಶೇಕಡ 6ರಷ್ಟು ಮಾತ್ರ. ನೀರು ನಿಂತ ಗದ್ದೆಯ ಮೀಥೇನ್, ರಾಸಾಯನಿಕ ಗೊಬ್ಬರ, ಪಶುಪಾಲನೆ ಇವುಗಳ ಪಾಲೇ ಹಿರಿದು. ಆದುದರಿಂದ ಕಲಬುರಗಿಯ ತೊಗರಿಬೇಳೆಯನ್ನು ನೀವು ತೊರೆಯಬೇಕಾಗಿಲ್ಲ. ವಿಮಾನವೇರಿ ಬರುವ ಅಕಾಲದ ಹಣ್ಣನ್ನು ಮೊದಲು ಬಿಡಿರಿ.