ಅಣುಗಳು ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತವೆ? ಬೆಳಕು ಹೇಳುವ ಉತ್ತರ

ಹೊಸ ಕೊರೊನಾ ವೈರಸ್ ನಮ್ಮ ಜೀವಕೋಶಗಳಿಗೆ ಹಳೆಯ ಸಾರ್ಸ್ ವೈರಸ್‌ಗಿಂತ 10ರಿಂದ 20 ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎಂಬ ಮಾತನ್ನು 2020ರಲ್ಲಿ ನಮ್ಮಲ್ಲಿ ಹಲವರು ಕೇಳಿದ್ದೇವೆ. ಕಣ್ಣಿಗೆ ಕಾಣದ ಅಣುಗಳ ಅಂಟನ್ನು ಅಳೆಯುವುದು ಹೇಗೆ? ಆ ಸಂಖ್ಯೆಯ ನಿಜವಾದ ಅರ್ಥವೇನು?

ಇದನ್ನು ಅಳೆದದ್ದು ಬೆಳಕನ್ನು ಬಳಸುವ ಒಂದು ಬಯೋಸೆನ್ಸರ್. ಅದರ ವಿಧಾನದ ಹೆಸರು ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್. ಗಾಜಿನ ಮೇಲೆ ಸುಮಾರು 50 ನ್ಯಾನೋಮೀಟರ್ ದಪ್ಪದ ಚಿನ್ನದ ಲೇಪ ಇರುತ್ತದೆ. ಆ ಚಿನ್ನದ ಮೇಲೆ ಒಂದು ಬಗೆಯ ಅಣುಗಳನ್ನು ಕೂರಿಸಿ, ಇನ್ನೊಂದು ಬಗೆಯ ಅಣುಗಳಿರುವ ದ್ರಾವಣವನ್ನು ಅದರ ಮೇಲೆ ಹರಿಸುತ್ತಾರೆ. ಬೆಳಕನ್ನು ಬಿಡುವುದು ಹಿಂಬದಿಯಿಂದ, ಅಂದರೆ ಗಾಜಿನ ಕಡೆಯಿಂದ.

ಒಂದು ನಿರ್ದಿಷ್ಟ ಕೋನದಲ್ಲಿ ಬೆಳಕಿನ ಶಕ್ತಿ ಚಿನ್ನದ ಎಲೆಕ್ಟ್ರಾನ್‌ಗಳಿಗೆ ಸೇರಿಹೋಗುತ್ತದೆ. ಆಗ ಮರಳಿ ಬರುವ ಬೆಳಕು ಮಂಕಾಗುತ್ತದೆ. ಚಿನ್ನದ ಮೇಲೆ ಅಣುಗಳು ಬಂದು ಅಂಟಿದಂತೆ ಈ ಕೋನ ತುಸು ಜರುಗುತ್ತದೆ. ಅದನ್ನೇ ಯಂತ್ರ ಕ್ಷಣಕ್ಷಣಕ್ಕೂ ಗೆರೆಯಾಗಿ ಬರೆಯುತ್ತದೆ.

ಗೆರೆ ಏರಿದರೆ ಅಣುಗಳು ಅಂಟುತ್ತಿವೆ ಎಂದರ್ಥ. ಬಳಿಕ ಬರೀ ದ್ರಾವಕವನ್ನು ಹರಿಸಿದಾಗ ಗೆರೆ ಇಳಿದರೆ, ಅವು ಬಿಟ್ಟುಹೋಗುತ್ತಿವೆ. ಈ ವಿಧಾನದ ದೊಡ್ಡ ಲಾಭ ಇಲ್ಲಿದೆ. ಬೇಗ ಅಂಟಿ ಬೇಗ ಬಿಡುವ ಅಣು ಮತ್ತು ನಿಧಾನವಾಗಿ ಅಂಟಿ ನಿಧಾನವಾಗಿ ಬಿಡುವ ಅಣು, ಎರಡಕ್ಕೂ ಒಟ್ಟಾರೆ ಅಂಟಿನ ಬಲ ಒಂದೇ ಇರಬಹುದು. ಆದರೆ ಔಷಧಿಯಾಗಿ ಅವು ಒಂದೇ ಅಲ್ಲ. ಗುರಿಯ ಮೇಲೆ ಹೆಚ್ಚು ಹೊತ್ತು ಕೂರುವ ಔಷಧಿ ಹೆಚ್ಚು ಹೊತ್ತು ಕೆಲಸ ಮಾಡಬಲ್ಲದು. ಜೊತೆಗೆ, ಅಣುವಿಗೆ ಹೊಳೆಯುವ ಬಣ್ಣವನ್ನು ಸೇರಿಸುವ ಅಗತ್ಯವಿಲ್ಲ. ಅಂಥ ಬಣ್ಣ ಕೆಲವೊಮ್ಮೆ ಅಣುವಿನ ವರ್ತನೆಯನ್ನೇ ಬದಲಿಸುತ್ತದೆ.

ಈ ವಿದ್ಯಮಾನವನ್ನು ಜೈವಿಕ ಅಣುಗಳ ಪತ್ತೆಗೆ ಬಳಸಬಹುದೆಂದು 1983ರಲ್ಲಿ ತೋರಿಸಿದವರು ಸ್ವೀಡನ್ನಿನ ಲಿಂಕೋಪಿಂಗ್‌ನ ಸಂಶೋಧಕರು. 1990ರಲ್ಲಿ ಬಯಾಕೋರ್ ಎಂಬ ಯಂತ್ರ ಮಾರುಕಟ್ಟೆಗೆ ಬಂತು. ನಂತರ ಬಂದ ಬಯೋಲೇಯರ್ ಇಂಟರ್‌ಫೆರೊಮೆಟ್ರಿ ವಿಧಾನದಲ್ಲಿ ಸಣ್ಣ ಗಾಜಿನ ತುದಿಯನ್ನು ದ್ರಾವಣದಲ್ಲಿ ಅದ್ದಿದರೆ ಸಾಕು. ಸೋಪಿನ ಗುಳ್ಳೆಯ ಪದರ ದಪ್ಪವಾದಂತೆ ಬಣ್ಣ ಬದಲಾಗುವ ತತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಈಗ ಆ 10-20 ಪಟ್ಟಿನ ಮಾತಿಗೆ ಬರೋಣ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡ ವೈರಸ್ಸಿನ ಸ್ಪೈಕ್ ಪ್ರೋಟೀನನ್ನು ಸೆನ್ಸರ್ ಮೇಲೆ ಕೂರಿಸಿ, ನಮ್ಮ ಜೀವಕೋಶಗಳ ಎಸಿಇ2 ಪ್ರೋಟೀನನ್ನು ಹರಿಸಿ ಅದನ್ನು ಅಳೆದಿತ್ತು. ಸ್ಪೈಕಿನ ಒಂದು ತುಣುಕನ್ನಷ್ಟೇ ಬಳಸಿದ ಬೇರೆ ತಂಡಗಳಿಗೆ ಸಿಕ್ಕ ವ್ಯತ್ಯಾಸ ಸುಮಾರು 4 ಪಟ್ಟು ಮಾತ್ರ. ಯಂತ್ರ ಸುಳ್ಳು ಹೇಳಲಿಲ್ಲ. ಯಾವ ತುಣುಕು, ಯಾವುದನ್ನು ಕೂರಿಸಿದರು, ಯಾವ ಪರಿಸ್ಥಿತಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅಲ್ಲದೆ, ಶುದ್ಧೀಕರಿಸಿದ ಎರಡು ಪ್ರೋಟೀನ್‌ಗಳ ಅಂಟು ಬೇರೆ, ಮನುಷ್ಯರಲ್ಲಿ ಸೋಂಕು ಹರಡುವ ವೇಗ ಬೇರೆ.

ಅದೇ ತಂಡ ಹಳೆಯ ಸಾರ್ಸ್‌ನ ಮೂರು ಪ್ರತಿಕಾಯಗಳನ್ನೂ ಪರೀಕ್ಷಿಸಿತ್ತು. ಹೊಸ ಸ್ಪೈಕಿಗೆ ಅವು ಅಂಟಲಿಲ್ಲ. ಹಳೆಯ ಪ್ರತಿಕಾಯಗಳೇ ಸಾಕು ಎಂದು ಕೂರುವಂತಿಲ್ಲ, ಹೊಸದನ್ನು ಹುಡುಕಬೇಕು ಎಂಬ ಎಚ್ಚರಿಕೆ ಅದು.

ಹಾಗಾಗಿ 'ಇಷ್ಟು ಪಟ್ಟು ಗಟ್ಟಿ' ಎಂಬ ಸುದ್ದಿ ಓದಿದಾಗ ನಾವು ಕೇಳಬೇಕಾದ ಪ್ರಶ್ನೆಗಳು ಎರಡು: ಯಾವುದಕ್ಕೆ ಯಾವುದು ಅಂಟಿತು? ಎಷ್ಟು ಹೊತ್ತು ಅಂಟಿಕೊಂಡಿತ್ತು?