ಮಘೆ, ಹೊಗೆ, ಮತ್ತು ಜನರ ಮಾತು

ವಾಯುಗುಣದ ಬದಲಾವಣೆಯನ್ನು ಕುರಿತು ನಮ್ಮ ಜನ ಏನು ತಿಳಿದಿದ್ದಾರೆಂಬುದನ್ನು ಅಂಕಿಗಳಲ್ಲಿ ಹೇಳಿದವರಿದ್ದಾರೆ. 2021ರ ಕೊನೆಯಿಂದ 2022ರ ಆರಂಭದವರೆಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಸಿ-ವೋಟರ್ ಸಂಸ್ಥೆಯೊಡಗೂಡಿ ಭಾರತದ 4,619 ಮಂದಿಯನ್ನು ವಿಚಾರಿಸಿದರು. ಭೂಮಿಯ ತಾಪ ಏರುತ್ತಿರುವ ಸಂಗತಿಯನ್ನು ಸ್ವಲ್ಪವೇ ಬಲ್ಲೆವು, ಇಲ್ಲವೆ ಕೇಳಿಯೇ ಇಲ್ಲ ಎಂದವರು ನೂರಕ್ಕೆ 54. ಎರಡು ಮಾತಿನಲ್ಲಿ ವಿವರಿಸಿ ಕೇಳಿದ ಮೇಲೆ, ಹೌದು, ಹಾಗಾಗುತ್ತಿದೆ ಎಂದವರು ನೂರಕ್ಕೆ 84! ವಿವರಿಸಿ ಹೇಳಿದವರ ಎದುರಿಗೆ ಇಲ್ಲವೆನ್ನಲಾರದ ನಮ್ಮವರ ದಾಕ್ಷಿಣ್ಯವೂ ಇದರಲ್ಲಿ ಕೊಂಚ ಸೇರಿರಬಹುದೆಂದು ನನ್ನ ಗುಮಾನಿ.

ಈ ಗುಮಾನಿಯನ್ನು ಹೊತ್ತುಕೊಂಡೇ ಈಚೆಗೆ ನಮ್ಮೂರು ಕೈಲಾಂಚಕ್ಕೆ ಹೋಗಿದ್ದೆ. ರಾಮನಗರದ ಬಂಡೆಗುಡ್ಡಗಳ ಸೀಮೆ. ರಾಗಿ, ಮಾವು, ಹಿಪ್ಪುನೇರಳೆ ಇವೇ ಅಲ್ಲಿನ ಬಾಳು. ಜಗಲಿಯ ಮೇಲೆ ಕುಳಿತಿದ್ದ ದೊಡ್ಡಪ್ಪನವರನ್ನು ಮೊದಲು ಕೇಳಿದೆ.

"ಏನು ಬದಲಾಯಿತಪ್ಪ? ಬಂದರೆ ಮಘೆ, ಹೋದರೆ ಹೊಗೆ. ನಮ್ಮ ತಾತನ ಕಾಲದಿಂದ ಇದೇ ಮಾತು" ಎಂದರು.

ಗಾದೆಯೇನೋ ಸುಳ್ಳಲ್ಲ. 2022ರ ಆಗಸ್ಟ್ ಕೊನೆಯಲ್ಲಿ ಮಘೆ ಬಂದ ಬಗೆಯನ್ನು ರಾಮನಗರದವರು ಮರೆತಿಲ್ಲ. ಕೆರೆಗಳು ಉಕ್ಕಿ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವಾಹನಗಳು ಮುಳುಗಿದವು. ಮರುವರ್ಷ ಅದೇ ತಿಂಗಳು ಹೊಗೆ. 1901ರಿಂದೀಚೆಗೆ ಭಾರತ ಕಂಡ ಅತ್ಯಂತ ಒಣ ಆಗಸ್ಟ್ ಅದು. ಆ ವರ್ಷ ಕರ್ನಾಟಕದಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟವು. ಆದರೆ ಮಳೆಯ ಚಂಚಲತೆಯನ್ನು ಮೊದಲೇ ಒಪ್ಪಿಕೊಂಡು ಗಾದೆ ಕಟ್ಟಿದ ಜನಕ್ಕೆ, ಆ ಚಂಚಲತೆ ಹೆಚ್ಚಿತೆಂದು ಅಷ್ಟು ಸುಲಭವಾಗಿ ಆಶ್ಚರ್ಯವಾಗುವುದಿಲ್ಲ. ನೂರು ವರ್ಷದಲ್ಲಿ ಒಂದು ಡಿಗ್ರಿ ಏರಿದ್ದನ್ನು ಯಾರ ಚರ್ಮವೂ ಅರಿಯದು. ನೆನಪಂತೂ ಹೋದ ವರ್ಷದ ಮಳೆಯನ್ನೇ ಹಿಡಿದು ಕುಳಿತಿರುತ್ತದೆ.

ಪಕ್ಕದ ತೋಟದವರದು ಇನ್ನೊಂದು ಬಗೆ. ಅವರ ಕೊಳವೆಬಾವಿಯಲ್ಲಿ ಇನ್ನೂ ನೀರಿದೆ. ಮೋಟಾರು ಹಾಕಿದೊಡನೆ ನೀರು ಚಿಮ್ಮುವವನಿಗೆ ಆಕಾಶದ ಕಡೆ ನೋಡುವ ಅಭ್ಯಾಸವೇ ತಪ್ಪಿಹೋಗುತ್ತದೆ. ಬೆಂಗಳೂರಿನವರು ಮರ ಕಡಿದರು, ಅದಕ್ಕೇ ಸೆಕೆ, ಎಂದು ಮುಗಿಸಿದರು. ಅದರಲ್ಲಿಯೂ ನಿಜವಿಲ್ಲದಿಲ್ಲ, ಆದರೆ ಕಲ್ಲಿದ್ದಲು, ಪೆಟ್ರೋಲುಗಳ ಹೊಗೆಯಿಂದ ಇಡೀ ಭೂಮಿ ಬಿಸಿಯಾಗುವುದು ಕಾಣದು, ಕಡಿದ ಮರ ಕಣ್ಣಿಗೆ ಕಾಣುತ್ತದೆ.

ನನ್ನ ಮನಸ್ಸನ್ನು ಕಲಕಿದ್ದು ಅತ್ತಿಗೆಯ ಮಾತು.

2024ರ ಬೇಸಗೆಯಲ್ಲಿ ಅವರ ಒಂದು ಬೆಳೆ ಹುಳು ಪೂರ್ತಿ ಹೋಯಿತು. ಆ ಏಪ್ರಿಲ್ 28ರಂದು ಬೆಂಗಳೂರಿನಲ್ಲಿಯೇ 38.5 ಡಿಗ್ರಿ ಬಿಸಿಲು. ರೇಷ್ಮೆಹುಳುವಿಗೆ ಹಿತವಾದದ್ದು 24ರಿಂದ 28 ಡಿಗ್ರಿ. ಸೊಪ್ಪು ಬಾಡಕೂಡದು, ಗಾಳಿ ಒಣಗಕೂಡದು. ನಾಲ್ಕನೆಯ ಜ್ವರ ದಾಟಿ, ಇನ್ನೇನು ಹಣ್ಣಾಗಿ ಚಂದ್ರಿಕೆಗೆ ಬಿಡಬೇಕೆನ್ನುವಾಗ ಹುಳುಗಳು ಸೊಪ್ಪು ಬಿಟ್ಟು ಮೆತ್ತಗಾದವು. ಸಪ್ಪೆ ರೋಗ. ಬುಟ್ಟಿಬುಟ್ಟಿಯಾಗಿ ತುಂಬಿ ಗುಂಡಿಗೆ ಸುರಿದು ಸುಣ್ಣ ಹಾಕಿದರಂತೆ. ಚಾಕಿಯ ಹಣ, ಆಳಿನ ಕೂಲಿ ಎಲ್ಲ ಸಾಲವೇ.

"ಬಿಸಿಲಿನಿಂದ ಹೋಯಿತಲ್ಲವೆ, ಅತ್ತಿಗೆ?" ಎಂದೆ.

"ಬಿಸಿಲು ಎಲ್ಲರಿಗೂ ಇತ್ತು ಕಣಪ್ಪ. ನಾನೇ ಆ ಮಧ್ಯಾಹ್ನ ಗೋಣಿತಾಟು ನೆನೆಸಿ ಕಟ್ಟಲಿಲ್ಲ. ಮದುವೆಗೆ ಹೋಗಿದ್ದೆ."

ಒಂದು ಮದುವೆ, ಒಂದು ಮಧ್ಯಾಹ್ನ! ಊರಿನಲ್ಲಿ ಅದೇ ವಾರ ಇನ್ನೂ ಮೂರು ಮನೆಯವರ ಹುಳು ಹೋಗಿತ್ತು. ಒಬ್ಬರು ಚಾಕಿ ತಂದ ಗಳಿಗೆಯನ್ನು ದೂರಿದರು. ಒಬ್ಬರು ಮನೆಯ ಮೈಲಿಗೆಯನ್ನು. ಇನ್ನೊಬ್ಬರು ನೆರೆಯವರ ಕಣ್ಣನ್ನು. ನಾಲ್ಕು ಮನೆಗೂ ಬಡಿದದ್ದು ಒಂದೇ ಸೆಕೆ. ಆದರೆ ನಾಲ್ಕು ಮನೆಯ ತಪ್ಪಾಗಿ ಅದು ಹಂಚಿಹೋಯಿತು. ತನ್ನದೇ ತಪ್ಪೆಂದವಳು ಪರಿಹಾರವನ್ನು ಕೇಳುವುದುಂಟೆ? ಸಮೀಕ್ಷೆಯ ಕಾಗದದಲ್ಲಿ ಅತ್ತಿಗೆ ಯಾವ ಕಡೆಗೆ ಸೇರುತ್ತಾರೆ? ಬಹುಶಃ ಕೇಳಿಯೇ ಇಲ್ಲ ಎಂದವರಲ್ಲಿ.

ನಾನು ಹೊರಡುವಾಗ ಅವರು ಹುಳುಮನೆಯ ಕಿಟಕಿಗಳಿಗೆ ಗೋಣಿತಾಟು ಹೊಲಿಯುತ್ತಿದ್ದರು. ಮುಂದಿನ ಸೋಮವಾರ ಚಾಕಿ ಬರುತ್ತದಂತೆ. ಆ ವಾರದ ಮೂರು ಮದುವೆಗೂ ಅಣ್ಣನೊಬ್ಬನನ್ನೇ ಕಳುಹಿಸುವುದೆಂದು ಆಗಲೇ ನಿಶ್ಚಯವಾಗಿತ್ತು.